ಬಾಗಿಲಿಲ್ಲದ ಮನೆಯ ಗೃಹಪ್ರವೇಶ

ಕೋಪಿಸಿಕೊಳ್ಳುವ ವಿಷಯದಲ್ಲಿ ನಮ್ಮ ಮನೆತನಕ್ಕೆ ಯಾವ ಪ್ರತಿಭೆಯೂ ಇಲ್ಲ. ಅನ್ಯಾಯ ಕಂಡರೆ ಅಪ್ಪ ಕನ್ನಡಕ ಒರೆಸುತ್ತಾರೆ, ಅಮ್ಮ ಪಂಚಾಂಗ ತೆರೆಯುತ್ತಾಳೆ. ಇಬ್ಬರ ಪಾಲಿನ ಸಿಟ್ಟನ್ನೂ ನಾನೊಬ್ಬನೇ ಹೊತ್ತು ತಿರುಗಬೇಕು; ರಾಜ್ಯಶಾಸ್ತ್ರದ ಎಂ.ಎ. ಪದವಿಯಿಂದ ನನಗಾಗಿರುವ ಉಪಯೋಗ ಅದೊಂದೇ.

ಹೊಟ್ಟೆಪಾಡಿಗೆ ಬಂದು ನೆಲೆಸಿದ ಮರಾಠಿ ಸೀಮೆಯ ಊರಿನ ವಿಮಾನ ನಗರ ಬಡಾವಣೆಯಲ್ಲಿ ನಾವು ಕೊಂಡ ಫ್ಲ್ಯಾಟು ದಸರೆಗೆ ಕೈಸೇರುವುದೆಂದು ಕರಾರುಪತ್ರದಲ್ಲಿತ್ತು. ಆ ದಸರೆ ಹೋಯಿತು, ಮರುವರ್ಷದ್ದೂ ಹೋಯಿತು. ಮನುಷ್ಯನೊಬ್ಬ ತಾನೇ ಹಾಕಿದ ಸಹಿಯ ಗುರುತು ಸಿಗದವನಂತೆ ನಡೆದುಕೊಳ್ಳುವುದನ್ನು ಸಭ್ಯ ಸಮಾಜ ‘ವಿಳಂಬ’ ಎನ್ನುತ್ತದೆ. ನಾನು ಮೋಸ ಎನ್ನುತ್ತೇನೆ. ಮೂರನೆಯ ದಸರೆಗೆ ಬಿಲ್ಡರನೇ ಫೋನು ಮಾಡಿ, ಮುಹೂರ್ತವನ್ನೇಕೆ ಬಿಡುತ್ತೀರಿ, ಬಂದು ಹಾಲು ಉಕ್ಕಿಸಿಕೊಂಡು ಹೋಗಿ ಎಂದು ಮರಾಠಿಯಲ್ಲಿ ಉಪದೇಶಿಸಿದ. ಬಾಗಿಲು, ಕಿಟಕಿ, ನಲ್ಲಿ ಯಾವುದೂ ಇಲ್ಲದ ಮನೆಗೆಂಥ ಗೃಹಪ್ರವೇಶ ಎಂದು ನಾನು ಹಾರಾಡಿದೆ. “ಬಾಗಲಾ ನಾಳೆ ಬರ್ತದಪಾ, ಮುಹೂರ್ತ ಬರ್ತದೇನು?” ಎಂದಳು ಅಮ್ಮ. ಬರಿಯ ಚೌಕಟ್ಟಿಗೆ ತೋರಣ ಕಟ್ಟಿ, ಒಯ್ದಿದ್ದ ಸ್ಟೋವಿನ ಮೇಲೆ ಹಾಲು ಉಕ್ಕಿಸಿದೆವು. ಬಿಲ್ಡರನ ಕಡೆಯವನೊಬ್ಬ ಬಹಳ ಮುತುವರ್ಜಿಯಿಂದ ಫೋಟೋ ತೆಗೆದ. ಹೊಕ್ಕ ಮನೆಯಲ್ಲಿ ಆ ದಿನ ದೀಪ ಆರಬಾರದಲ್ಲ, ಅದನ್ನು ಕಾಯುವ ಕೆಲಸ ಮಹಾದೇವಿಯ ಪಾಲಿಗೆ ಬಂತು. ಯಾದಗಿರಿ ಕಡೆಯಿಂದ ಗಾರೆ ಹೊರಲು ಬಂದಿದ್ದ ಆಕೆ ಗಂಡನೊಂದಿಗೆ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲೇ ಸಂಸಾರ ಹೂಡಿದ್ದಳು. “ನಿಮ್ಮ ಮನಿ ಭಾಳ ಚಲೋ ಅದರಿ ಅಕ್ಕಾರ, ಗಾಳಿ ಅಂದ್ರ ಗಾಳಿ,” ಎಂದು ಅಮ್ಮನಿಗೆ ಹೇಳಿದಳು. ಗಾಳಿಯನ್ನು ತಡೆಯುವಂಥದ್ದೇನೂ ಅಲ್ಲಿರಲಿಲ್ಲ.

ಇನ್ನೊಂದು ವರ್ಷ ಕಾದು, ಗ್ರಾಹಕ ವೇದಿಕೆಗೆ ಹನ್ನೆರಡು ಪುಟಗಳ ದೂರು ಸಲ್ಲಿಸಿದೆ. ಬಿಲ್ಡರನ ವಕೀಲ ಅದನ್ನು ಮುಟ್ಟಲೂ ಇಲ್ಲ. ಒಂದು ಫೋಟೋ ಮುಂದಿಟ್ಟ. ಉಕ್ಕುವ ಹಾಲು, ಕೈಮುಗಿದ ಅಪ್ಪ, ತೃಪ್ತಳಾದ ಅಮ್ಮ. ಮನೆ ಸ್ವಾಧೀನಕ್ಕೆ ಪಡೆದು ವರ್ಷವಾಯಿತಲ್ಲ, ಇನ್ನೆಂಥ ವಿಳಂಬ ಎಂದು ಕೇಳಿದ. ಒಬ್ಬ ತಾಯಿಯ ಭಕ್ತಿಯನ್ನು ಅವಳ ವಿರುದ್ಧವೇ ಸಾಕ್ಷಿಗೆ ನಿಲ್ಲಿಸುವ ಜನ ಇಟ್ಟಿಗೆಯ ವ್ಯಾಪಾರದಲ್ಲಷ್ಟೇ ಏಕೆ ತೃಪ್ತರಾಗಿದ್ದಾರೋ ತಿಳಿಯದು.

ಆ ಮನೆಯಲ್ಲಿ ನಾವಿಲ್ಲವೆಂದು ಹೇಳಬಲ್ಲವರು ಅಲ್ಲಿ ಇರುವವರು ಮಾತ್ರ. ಮಹಾದೇವಿಯ ಹೇಳಿಕೆಯನ್ನು ನಾನೇ ಬರೆದು, ಓದಿ ತಿಳಿಸಿ, ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿಸಿದೆ: ಇವರು ಹಾಲು ಉಕ್ಕಿಸಿ ಸಂಜೆಗೇ ಹೊರಟುಹೋದರು, ಅಂದಿನಿಂದ ಇಂದಿನವರೆಗೆ ಅಲ್ಲಿ ವಾಸವಿರುವವರು ನಾವು. ದಿನದ ಕೂಲಿ ಬಿಟ್ಟು ಬಂದಿದ್ದ ಆಕೆ, “ಇದ್ದದ್ದು ಹೇಳಾಕ ಇಷ್ಟ್ಯಾಕ ಕಾಗದರಿ ಅಣ್ಣಾರ?” ಎಂದು ಬೆರಳನ್ನು ಗೋಡೆಗೆ ಒರೆಸಿದಳು. ನನ್ನ ಹನ್ನೆರಡು ಪುಟ ಮಾಡದ ಕೆಲಸವನ್ನು ಆ ಹೆಬ್ಬೆಟ್ಟು ಮಾಡಿತು. ಮೂರು ತಿಂಗಳೊಳಗೆ ಮನೆ ಪೂರ್ತಿಗೊಳಿಸಿ ಒಪ್ಪಿಸಬೇಕೆಂದು ಆದೇಶವಾಯಿತು.

ಪೇಢೆಯ ಪೊಟ್ಟಣ ಹಿಡಿದು ಸೈಟಿಗೆ ಓಡಿದೆ. ಮಹಾದೇವಿಗೆ ಆದೇಶವನ್ನು ಓದಿ ಹೇಳಿ, ತಾರೀಖಿಲ್ಲದ ಮಾತು ಮಾತೇ ಅಲ್ಲವೆಂದು ಸಣ್ಣದೊಂದು ಭಾಷಣವನ್ನೂ ಮಾಡಿದೆ. ಆಕೆ ಪೇಢೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

“ಹಂಗಾರ ನಾವು ಯಾವತ್ತ ಬಿಡಬೇಕ್ರಿ ಅಣ್ಣಾರ? ಬ್ಯಾರೆ ಕಡೆ ಜಾಗಾ ನೋಡಬೇಕಲ್ರಿ.”

“ಅದಕ್ಕೇನ ಅವಸರ ಬಿಡವಾ. ನೋಡೂಣು.”

“ನೋಡೂಣು ಅಂದ್ರ ಯಾವತ್ತರಿ?”

ನಾನು ಇನ್ನೊಂದು ಪೇಢೆ ಕೊಟ್ಟೆ.