ಧೂಮಕೇತು ದೊರೆಯ ಕೊನೆಯ ಮಾತು

ಕೊಟ್ರೇಶ ಆ ದಿನ ಸಂಜೆ ಸಾಯುವುದೆಂದು ಮೂರು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಕೆಟ್ಟದ್ದೇನೆಂದರೆ, ಅವನ ತಾಯಿ ಮುದುಕವ್ವ ಆ ಸುದ್ದಿಯನ್ನು ಬೆಳಿಗ್ಗೆಯೇ ನಳದ ಮುಂದೆ ಹೇಳಿಬಿಟ್ಟಳು.

"ಸಂಜಿಕೆ ಎಲ್ಲಾರೂ ಸಾಲಿ ಬಯಲಿಗೆ ಬರ್ರೆವಾ. ನಾಟಕದಾಗ ನಮ್ಮ ಕೊಟ್ರೇಶಿ ಸಾಯ್ತಾನ."

ಕೊಡ ಹಿಡಿದಿದ್ದ ಒಬ್ಬಾಕೆ ಸುಮ್ಮನಿರಲಾರದೆ ಕೇಳಿದಳು. "ಯಾರ ಕೈಯಾಗ?"

"ಕೆಳಗಿನ ಓಣಿ ಸಿದ್ದರಾಮೇಶನ ಕೈಯಾಗ."

ಕೊಡ ತುಂಬಿ ನೀರು ಹೊರಗೆ ಹರಿಯಿತು. ಯಾರೂ ನಳ ಬಂದ್ ಮಾಡಲಿಲ್ಲ. ಮೇಲಿನ ಓಣಿಯ ಹುಡುಗ ಕೆಳಗಿನ ಓಣಿಯವನ ಕತ್ತಿಗೆ ಬೀಳುತ್ತಾನೆಂಬ ಸುದ್ದಿ, ಮುದುಕವ್ವ ಮನೆ ಮುಟ್ಟುವ ಮೊದಲೇ ಅವಳ ಭಾವ ಅಂದಾನೆಪ್ಪನ ಕಟ್ಟೆ ಮುಟ್ಟಿತು.

ಯುಗಾದಿಯ ಮರುದಿನ ನಾಟಕ ಆಡುವುದು ಆ ಊರಿನ ಪದ್ಧತಿ. ಬರೆಯುವವರು, ಕಲಿಸುವವರು, ಹಾರ್ಮೋನಿಯಂ ಬಾರಿಸುವವರು ಎಲ್ಲ ಶಿವನಪ್ಪ ಮಾಸ್ತರರೇ. ಪುರಾಣದ ರಾಜರನ್ನೆಲ್ಲ ಮುಗಿಸಿದ್ದ ಮಾಸ್ತರರು, ಟಿವಿಯಲ್ಲಿ ಚಂದ್ರನ ಮೇಲೆ ನೌಕೆ ಇಳಿದದ್ದನ್ನು ನೋಡಿದ ಮೇಲೆ, ಈ ಸಲ ಸೀದಾ ಆಕಾಶಕ್ಕೇ ಕೈಹಾಕಿದ್ದರು. ಧೂಮಕೇತು ಕುಲದ ದೊರೆ ರಣಭೈರವ ಏಳು ಚಂದ್ರರನ್ನು ಗೆಲ್ಲುತ್ತಾನೆ, ಸ್ವಂತ ಮಂತ್ರಿಗಳಿಂದಲೇ ಮೋಸಹೋಗುತ್ತಾನೆ, ಕೊನೆಗೆ ರಾಹು ಕುಲದ ಕಾಲಜಂಘನ ಕೈಯಲ್ಲಿ, ಮುರಿದ ನೌಕೆಯೊಳಗೆ, ದೂರದ ಭೂಮಿಯನ್ನು ನೋಡುತ್ತ ಪ್ರಾಣ ಬಿಡುತ್ತಾನೆ. ಬಿಡುವ ಮುಂಚೆ ಒಂದು ಉದ್ದನೆಯ ಮಾತು ಆಡುತ್ತಾನೆ.

ಈ ಸಲ ದೊರೆಯ ಪಾತ್ರ ಸಿಕ್ಕಿದ್ದ ಕೊಟ್ರೇಶನ ಜೀವವೆಲ್ಲ ಇದ್ದದ್ದು ಆ ಮಾತಿನಲ್ಲಿ. ಮೀಸೆ ಮೂಡುವುದಕ್ಕೆ ಮುಂಚಿನಿಂದಲೂ ಅವನಿಗೆ ಸಿಗುತ್ತಿದ್ದದ್ದು ಸಿಪಾಯಿ ಪಾತ್ರ. ಮೊದಲನೆಯ ಪ್ರವೇಶದಲ್ಲೇ ಬಾಯಿ ಬಿಡದೆ ಸಾಯಬೇಕು, ಕಾಲು ಹಿಡಿದು ಎಳೆದೊಯ್ಯುವವರೆಗೂ ಸೊಳ್ಳೆ ಕಚ್ಚಿದರೂ ಅಲ್ಲಾಡದೆ ಬಿದ್ದಿರಬೇಕು. ಹಗಲೆಲ್ಲ ಅವನದು ಹಿಟ್ಟಿನ ಗಿರಣಿ. ಅಲ್ಲಿ ಅವನು ಏನು ಹೇಳಿದರೂ ಜನ ಕಿವಿಗೆ ಕೈಯಿಟ್ಟು "ಆಂ?" ಎನ್ನುತ್ತಿದ್ದರು. ಒಂದು ಸಲವಾದರೂ ಊರು ಬಾಯಿ ಮುಚ್ಚಿ ತನ್ನ ಮಾತು ಕೇಳಬೇಕೆಂದು ಅವನಿಗೆ ಆಸೆಯಿತ್ತು. ಪಾಪ, ಅದೇನು ದೊಡ್ಡ ಆಸೆಯಲ್ಲ.

ಮಧ್ಯಾಹ್ನ ಹನಮಪ್ಪನ ಗುಡಿಯ ಕಟ್ಟೆಗೆ ಬರಬೇಕೆಂದು ಮಾಸ್ತರರಿಗೆ ಕರೆ ಬಂತು. ಕೊಟ್ರೇಶನೂ ಹಿಂದೆಯೇ ಓಡಿದ, ತಲೆತುಂಬ ಜೋಳದ ಹಿಟ್ಟು.

"ಮಾಸ್ತರ, ಮುಂದಿನ ತಿಂಗಳ ಪಂಚಾಯ್ತಿ ಇಲೆಕ್ಷನ್ನಿಗೆ ನಾ ನಿಂತೀನಿ," ಎಂದ ಅಂದಾನೆಪ್ಪ. "ಇವತ್ತ ಸ್ಟೇಜಿನ ಮ್ಯಾಲ ಬಿದ್ದ ಮನಿತನಾ ನಾಳೆ ಓಟಿನಾಗ ಏಳತೈತೇನ್ರಿ?"

"ಅಂದಾನೆಪ್ಪನವರ, ಇದು ಆಕಾಶದಾಗ ನಡಿಯೂ ಯುದ್ಧ. ಇದಕ್ಕೂ ನಮ್ಮೂರಿಗೂ ಏನ ಸಂಬಂಧ?"

"ಆಕಾಶದಾಗರ ನಡೀಲಿ, ಪಾತಾಳದಾಗರ ನಡೀಲಿ. ನೋಡಾವ್ರು ನಮ್ಮೂರವ್ರ ಹೌದಿಲ್ಲೋ?"

ಮಾಸ್ತರರು ಬೆವರು ಒರೆಸಿಕೊಂಡರು. "ಹಂಗಾರ ಸಿದ್ದರಾಮೇಶನ ಸಾಯಲಿ ಬಿಡ್ರಿ."

ಕಟ್ಟೆಯ ಇನ್ನೊಂದು ತುದಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ಸಿದ್ದರಾಮೇಶನ ಅಪ್ಪ ಯಮನೂರಪ್ಪ ಬಾಯೊಳಗಿನದನ್ನು ಉಗುಳಿ ಬಂದ. "ನಾನೂ ಇಲೆಕ್ಷನ್ನಿಗೆ ನಿಂತೀನ್ರಿ ಮಾಸ್ತರ," ಎಂದ. ಅಷ್ಟೇ ಎಂದ.

ಕೊಟ್ರೇಶ ನಡುವೆ ಬಾಯಿ ಹಾಕಿದ. "ದೊಡ್ಡಪ್ಪ, ನನ್ನ ಯಾರೂ ಕೊಲ್ಲೂದು ಬ್ಯಾಡ. ಬೆನ್ನಿಗೆ ಕಟ್ಟಿದ ಡಬ್ಬಿಯೊಳಗಿನ ಗಾಳಿ ತೀರಿ ನನ್ನಷ್ಟಕ್ಕ ನಾನ ಸಾಯ್ತೀನಿ."

"ಗಾಳಿ ತುಂಬಿಸ್ಕೊಳ್ಳಾಕೂ ಗತಿ ಇಲ್ಲದ ಮನಿತನಾ ಅಂತಾರ."

"ಜ್ವರಾ ಬಂದು?"

"ಮೆಣಸಗಿಯಿಂದ ನಿಮ್ಮ ಮಾವನ ಮನಿಯವ್ರು ಬಂದು ಕುಂತಾರ. ರೋಗಿಷ್ಟಗ ಮಗಳನ ಕೊಟ್ಟೀವಿ ಅಂತ ಅವ್ರು ಅಳಬೇಕೇನು?"

ಕೊಟ್ರೇಶನಿಗೆ ಸಾಯಲು ಬೇರೆ ದಾರಿ ಹೊಳೆಯಲಿಲ್ಲ. ಹೊತ್ತು ಇಳಿಯುವುದರೊಳಗೆ ಹಿರಿಯರು ಆಕಾಶದ ಯುದ್ಧವನ್ನು ಬಗೆಹರಿಸಿದರು. ಇಬ್ಬರು ದೊರೆಗಳೂ ರಾಜಿಯಾಗಬೇಕು, ಒಬ್ಬರಿಗೊಬ್ಬರು ಮಾಲೆ ಹಾಕಬೇಕು, ತಮ್ಮ ತಮ್ಮ ಗ್ರಹಕ್ಕೆ ಹೋಗಬೇಕು. ಬದುವಿನ ತಂಟೆಯನ್ನು ಅವರು ಮುಗಿಸುತ್ತಿದ್ದದ್ದೂ ಹೀಗೆಯೇ. ದೊರೆಯ ಕೊನೆಯ ಮಾತನ್ನು ತೆಗೆದುಹಾಕುವುದೆಂದೂ ಠರಾವಾಯಿತು. ಸಾಯದವನಿಗೆ ಕೊನೆಯ ಮಾತು ಎಲ್ಲಿಯದು?

ಮನೆಗೆ ಬಂದು ಕೊಟ್ರೇಶ ಗೋಡೆಗೆ ಒರಗಿ ಕೂತ. ಹೆಂಡತಿ ನೀಲಾ ಹಿಂದಿನ ದಿನದ ಹೋಳಿಗೆ ಬಿಸಿಮಾಡಿ ತಂದಿಟ್ಟರೆ ಮುಟ್ಟಲಿಲ್ಲ. ಆ ಮಾತನ್ನು ಅವನು ರೂಢಿ ಮಾಡುವಾಗ ಎದುರಿಗೆ ಕೂತು ಅಕ್ಕಿ ಆರಿಸುತ್ತಿದ್ದವಳು ಅವಳೇ. ಅದು ಅವಳಿಗೂ ಬಾಯಿಪಾಠವಾಗಿತ್ತು.

"ನೀವು ಸಾಯ್ರಿ," ಎಂದಳು ನೀಲಾ.

"ಏನಂದಿ?"

"ಯಾರ ಏನರ ಅನ್ಲಿ, ನೀವು ಸಾಯ್ರಿ. ಒಮ್ಮಿ ಬಿದ್ದ ಮ್ಯಾಲ ಮಾತು ಮುಗಿಯೂತನಕ ಏಳಬ್ಯಾಡ್ರಿ. ಮುಂದಿನದು ನಾ ನೋಡ್ಕೋತೀನಿ."

ಯಾವ ಹೆಂಡತಿಯೂ ಗಂಡನಿಗೆ ಅಷ್ಟು ಪ್ರೀತಿಯಿಂದ ಸಾಯಲು ಹೇಳಿರಲಾರಳು. ಕೊಟ್ರೇಶ ಎರಡು ಹೋಳಿಗೆ ತಿಂದು ಎದ್ದ.

ಸಂಜೆ ಶಾಲೆಯ ಬಯಲು ತುಂಬಿತು. ಕರಿ ಅರಿವೆಗೆ ಕನ್ನಡಿ ಚೂರು ಅಂಟಿಸಿ ನಕ್ಷತ್ರ ಮಾಡಿದ್ದರು. ಗಜೇಂದ್ರಗಡದಿಂದ ಬಾಡಿಗೆಗೆ ತಂದ ಎದೆಕವಚ ಹಳೆಯ ಪುರಾಣದ್ದು, ತಲೆಗೆ ಬೈಕಿನ ಹೆಲ್ಮೆಟ್, ಬೆನ್ನಿಗೆ ಉಸಿರಾಟದ ಡಬ್ಬಿಯೆಂದು ಹತ್ತಿ ಬೆಳೆಗೆ ಹುಳದ ಔಷಧ ಹೊಡೆಯುವ ಪಂಪು. ಇಷ್ಟು ಭಾರ ಹೊತ್ತರೂ ಕೊಟ್ರೇಶ ಚಂದ್ರರನ್ನು ಒಂದೊಂದಾಗಿ ಗೆದ್ದ, ಮಂತ್ರಿಗಳಿಗೆ ಛೀಮಾರಿ ಹಾಕಿದ. ಜನ ಸಿಳ್ಳೆ ಹೊಡೆದರು.

ಕೊನೆಯ ಪ್ರವೇಶ ಬಂತು. ಸಿದ್ದರಾಮೇಶ ರಾಜಿಗೆಂದು ಮಾಲೆ ಹಿಡಿದು ಬಂದ. ಕೊಟ್ರೇಶ ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದ.

"ಎಲೈ ಭೂಮಿತಾಯೇ..."

"ಒಂದು ನಿಮಿಷ ತಡೀರಿ," ಎಂದಿತು ಮೈಕು. "ರಣಭೈರವನ ಪಾತ್ರವನ್ನು ಮೆಚ್ಚಿ ಶ್ರೀ ಅಂದಾನೆಪ್ಪನವರಿಂದ ಒಂದು ಟವೆಲ್ ಆಹೇರಿ."

ನಾಟಕದ ನಡುವೆ ಮೆಚ್ಚಿದವರು ಮೇಲೇರಿ ಉಡುಗೊರೆ ಕೊಟ್ಟು ಆಹೇರಿ ಮಾಡುವುದು, ಪಾತ್ರದವನು ಎದ್ದು ನಿಂತು ಕೈಮುಗಿದು ತೆಗೆದುಕೊಳ್ಳುವುದು ಆ ಸೀಮೆಯ ರೂಢಿ. ಮಲಗಿಕೊಂಡು ತೆಗೆದುಕೊಂಡರೆ ಕೊಟ್ಟವರಿಗೆ ಅವಮಾನ, ಅದೂ ಹೆತ್ತಪ್ಪನ ಅಣ್ಣನಿಗೆ. ಸತ್ತ ದೊರೆ ಎದ್ದ. ಕೊರಳಿಗೆ ಟವೆಲ್ ಹಾಕುತ್ತ ದೊಡ್ಡಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ಇನ್ನೊಮ್ಮಿ ಬಿದ್ದಿಯಂದ್ರ ನೋಡ."

ಕೊಟ್ರೇಶ ಇನ್ನೊಮ್ಮೆ ಬಿದ್ದ. "ಎಲೈ ಭೂಮಿತಾಯೇ, ಏಳು ಚಂದ್ರರನ್ನು..." ಎನ್ನುವಷ್ಟರಲ್ಲಿ ಮೇಲಿನ ಓಣಿಯ ಮತ್ತೊಬ್ಬ ಹಿರಿಯ ಟವೆಲ್ ಹಿಡಿದು ಹತ್ತಿದ. ಮೂರನೆಯ ಸಲ ಬಿದ್ದಾಗ ಅಂದಾನೆಪ್ಪ ಮೆಣಸಗಿಯ ಬೀಗರನ್ನೇ ಹತ್ತಿಸಿದ. ನೀಲಾ ಎದ್ದು ಅಡ್ಡ ಬಂದಳು, ಆದರೆ ತೆಂಗಿನಕಾಯಿ ಹಿಡಿದು ನಿಂತ ಸ್ವಂತ ಅಪ್ಪನಿಗೆ ಏನು ಹೇಳಿಯಾಳು? ಕೆಳಗಿನ ಓಣಿಯವರು ತಾವೇನು ಕಡಿಮೆಯೆಂದು ಸಿದ್ದರಾಮೇಶನಿಗೆ ಆಹೇರಿ ಸುರು ಮಾಡಿದರು. ಇಬ್ಬರು ದೊರೆಗಳೂ ಸಂತೆಯ ಟವೆಲ್ ಅಂಗಡಿಯ ಗೂಟಗಳಂತೆ ನಿಂತರು.

ಮಂದಿ ಕೂಗಲು ಹತ್ತಿದರು. ಪರದೆಯ ಹಿಂದೆ ಮಾಸ್ತರರು ತಲೆ ತಲೆ ಬಡಿದುಕೊಂಡು, ಮೊದಲಿನಿಂದಲೂ ಈಟಿ ಹಿಡಿದು ಸುಮ್ಮನೆ ನಿಂತಿದ್ದ ಸಿಪಾಯಿ ತೋಟಪ್ಪನ ರಟ್ಟೆ ಹಿಡಿದರು. ತೋಟಪ್ಪ ಕಡಲೆ ರಾಶಿ ಮಾಡುವ ಮಷೀನಿನ ಡ್ರೈವರ್. ಪರ ಊರಿನವನು. ಅವನಿಗೆ ಆ ಊರಲ್ಲಿ ನೆಂಟರಿಲ್ಲ, ಓಣಿಯಿಲ್ಲ, ಓಟೂ ಇಲ್ಲ.

"ಯಾರರ ಒಬ್ಬ ಸಾಯದ ಈ ನಾಟಕ ಮುಗಿಯಂಗಿಲ್ಲ," ಎಂದರು ಮಾಸ್ತರರು. "ಹೋಗಿ ಬೀಳಪಾ."

ತೋಟಪ್ಪ ಹೋಗಿ ಬಿದ್ದ. ಬಯಲು ತಟ್ಟನೆ ಸುಮ್ಮನಾಯಿತು. ಯಾರೂ ಟವೆಲ್ ತರಲಿಲ್ಲ, ಯಾರಿಗೂ ಅವಮಾನವಾಗಲಿಲ್ಲ. ಸಿಪಾಯಿ ಸಾಯುವಾಗ ದೊರೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ರಂಗದ ಪದ್ಧತಿ. ಕೊಟ್ರೇಶ ಇಟ್ಟುಕೊಂಡ.

"ಅಣ್ಣಾರ," ಎಂದು ತೋಟಪ್ಪ ತುಟಿ ಅಲ್ಲಾಡಿಸದೆ ಕೇಳಿದ, "ಬಿದ್ದೆ. ಈಗ ಏನ ಅನ್ನಬೇಕ್ರಿ?"

ಕೊಟ್ರೇಶ ತಲೆಯೆತ್ತಿ ನೋಡಿದ. ಇಡೀ ಊರು ಬಾಯಿ ಮುಚ್ಚಿ ಕೂತಿತ್ತು. ಅವನು ಇಷ್ಟು ವರ್ಷ ಬೇಡಿದ ಮೌನ ಅದೇ. ತಾನು ಬಿದ್ದರೆ ಮತ್ತೆ ಎಬ್ಬಿಸುತ್ತಾರೆ, ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ಯಾರ ಕಿವಿಗೂ ಬೀಳದೆ ಸತ್ತುಹೋಗುತ್ತದೆ. ಅವನು ಹೆಲ್ಮೆಟ್ಟಿನ ಗಾಜು ಸರಿಸಿ, ತೋಟಪ್ಪನ ಕಿವಿಗೆ ಬಾಗಿ, ಒಂದೊಂದೇ ಸಾಲು ಊದಿದ.

"ಎಲೈ ಭೂಮಿತಾಯೇ," ಎಂದು ತೋಟಪ್ಪ ಕೂಗಿದ. ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅವನದು. "ಏಳು ಚಂದ್ರರನ್ನು ಗೆದ್ದ ಕುಲ ನನ್ನದು. ಆದರೆ ಬೀಳುವ ಹೊತ್ತಿಗೆ ನನ್ನ ಕೆಳಗೆ ಒಂದು ಹಿಡಿ ಮಣ್ಣಿಲ್ಲವಲ್ಲ ತಾಯೇ. ನಿನ್ನ ಹೊಲದ ಬದುವಿನಲ್ಲಿ ಸತ್ತ ಇರುವೆಗೂ ಇರುವ ಭಾಗ್ಯ ನನಗಿಲ್ಲವಾಯಿತೇ?"

ಹೆಂಗಸರು ಸೆರಗು ಕಣ್ಣಿಗೆ ಹಚ್ಚಿದರು. ಯಮನೂರಪ್ಪ ಮೂಗು ಸೀಟಿದ. ಅಂದಾನೆಪ್ಪ ಬೇರೆ ಕಡೆ ಮುಖ ತಿರುಗಿಸಿದ. ಕೊಟ್ರೇಶನ ಕಣ್ಣಲ್ಲೂ ನೀರು ಬಂತು. ಅದನ್ನು ಜನ ಪಾತ್ರವೆಂದುಕೊಂಡರು. ನೀಲಾ ಒಬ್ಬಳೇ ಹಾಗೆ ಅಂದುಕೊಳ್ಳಲಿಲ್ಲ.

ತೋಟಪ್ಪ ಪ್ರಾಣ ಬಿಟ್ಟ ಮೇಲೆ ಎರಡೂ ಓಣಿಯವರು ಒಟ್ಟಿಗೆ ಮೇಲೇರಿ ಅವನಿಗೆ ಆಹೇರಿ ಮಾಡಿದರು. ಅದಕ್ಕೆ ಮೊದಲು ಆ ಊರಲ್ಲಿ ಅವರು ಒಟ್ಟಿಗೆ ಮಾಡಿದ ಕೆಲಸ ಯಾರಿಗೂ ನೆನಪಿಲ್ಲ.

ಕೊಟ್ರೇಶ ಪರದೆಯ ಹಿಂದೆ ಪಂಪು ಇಳಿಸುತ್ತಿದ್ದಾಗ ಮುದುಕವ್ವ ಮೂಗು ಒರೆಸಿಕೊಳ್ಳುತ್ತ ಬಂದಳು. "ಎಂಥಾ ಮಾತು ಆಡಿದ್ನೋ ಯಪ್ಪಾ ಆ ತೋಟಪ್ಪ, ನನ್ನ ಕರುಳ ಚುರ್ ಅಂತು. ಅವನ ಕಡೆ ಒಂದೀಟು ಕಲಿ," ಎಂದು ಹೇಳಿ ಹೋದಳು.

ಕೊಟ್ರೇಶ ಮಾಸ್ತರರ ಹತ್ತಿರ ಹೋಗಿ ನಿಂತ. "ಮಾಸ್ತರ, ಮುಂದಿನ ವರ್ಷ ನನಗ ಸಿಪಾಯಿ ಪಾರ್ಟ ಕೊಟ್ಟಬಿಡ್ರಿ. ಹಿಂದಿನಿಂದ ನಂದ ಐತಿ ಅದು."

ಮಾಸ್ತರರು ಹಾರ್ಮೋನಿಯಂ ಮುಚ್ಚುತ್ತ ಅವನ ಮುಖ ನೋಡಿದರು. ಅವರಿಗೂ ಕೆಡುಕೆನಿಸಿತು.

"ನಿಮ್ಮ ದೊಡ್ಡಪ್ಪ ಈಗರ ಬಂದು ಅದನ್ನ ತನ್ನ ಮಗಗ ಅಂತ ಹಿಡದಿಟ್ಟ ಹೋದ್ನಲ್ಲೋ ತಮ್ಮಾ. ಯಮನೂರಪ್ಪ ಸಿದ್ದರಾಮೇಶಗ ಬೇಕಂತಾನ. ಹೊರಗ ಕೇಳ, ಯಾರ ಸಾಯಬೇಕು ಅಂತ ಬಡದ್ಯಾಡಾಕ ಹತ್ತ್ಯಾರ."

"ಮತ್ತ ನನಗ?"

"ದೊರಿ ಪಾರ್ಟ ಐತಲ್ಲ," ಎಂದರು ಮಾಸ್ತರರು. "ಅದು ಯಾರಿಗೂ ಬ್ಯಾಡಂತ."