ನಮ್ಮ ಪಿಕಪ್ಪು ನಿಂತ ಕಥೆ

ಅಜ್ಜಂಪುರದಲ್ಲಿ ಶಾಮಿಯಾನದ ಅಂಗಡಿ ಇಟ್ಟುಕೊಂಡವನಿಗೆ ನಗೆಪಾಟಲಿಗೇನೂ ಬರವಿಲ್ಲ. ಮದುವೆಯಾಗಲಿ, ನಾಮಕರಣವಾಗಲಿ, ತಿಥಿಯಾಗಲಿ, ಎಲ್ಲರಿಗಿಂತ ಮೊದಲು ಹೋಗಬೇಕು, ಎಲ್ಲರೂ ಹೋದ ಮೇಲೆ ಬರಬೇಕು. ನಡುವೆ ಏನಾದರೊಂದು ಆಗಿಯೇ ಆಗುತ್ತದೆ. ಈ ಕಸುಬಿನ ಬೇರೆಯವರಿಗೆ ಚಪ್ಪರ ಬಿದ್ದೋ ಕುರ್ಚಿ ಮುರಿದೋ ಮರ್ಯಾದೆ ಹೋಗುತ್ತದೆ. ನನ್ನ ಮರ್ಯಾದೆ ಹೋಗಿದ್ದೆಲ್ಲ ನಮ್ಮ ಪಿಕಪ್ಪಿನಿಂದ.

ನನ್ನ ಮದುವೆಗೆ ಸ್ವಲ್ಪ ಮುಂಚೆ ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡ ಗಾಡಿ ಅದು. ಎಂಜಿನ್ ಬಂಗಾರ. ಎಷ್ಟು ಕಂಬ, ಎಷ್ಟು ಹಂಡೆ ಹೇರಿದರೂ ಗೊಣಗದೆ ಎಳೆಯುತ್ತದೆ. ಬ್ರೇಕಿನ ವಿಷಯಕ್ಕೆ ಬಂದರೆ ಮಾತ್ರ ಮಾತು ಬೇಡ. ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕು. ಒಂದು ಸಲ ಪೆಡಲ್ ಒತ್ತಿದರೆ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಮತ್ತೆ ಮತ್ತೆ ಪಂಪ್ ಮಾಡಿದರೆ ನಿಲ್ಲುವ ಬಗ್ಗೆ ಯೋಚನೆ ಮಾಡುತ್ತಿತ್ತು. ಹ್ಯಾಂಡ್ ಬ್ರೇಕ್ ಇದ್ದದ್ದು ಟವೆಲ್ ನೇತುಹಾಕುವುದಕ್ಕೆ. ಹಾಗಾಗಿ ಸೀಟಿನ ಕೆಳಗೆ ಒಂದು ಕಲ್ಲು ಕಾಯಂ ಆಗಿ ಇರುತ್ತಿತ್ತು. ಗಾಡಿ ನಿಧಾನವಾದ ಕೂಡಲೇ ನನ್ನ ಹೆಂಡತಿ ಟಣ್ಣನೆ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು. ಲಾರಿಯವರಿಗೆ ಕ್ಲೀನರ್ ಇರುತ್ತಾನೆ, ನನಗೆ ಹೆಂಡತಿ ಇದ್ದಳು.

ನಿಲ್ಲಿಸಲು ಶುರು ಮಾಡಿದ ಜಾಗ

ಒಮ್ಮೆ ಕಡೂರಿನ ಸರ್ಕಲ್ಲಿನಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ನಾನು ಮರ್ಯಾದಸ್ಥ. ಕೂಡಲೇ ಪೆಡಲ್ ಒತ್ತಿದೆ, ಪಂಪ್ ಮಾಡಿದೆ, ಗೇರ್ ಇಳಿಸಿದೆ. ಅವರ ಪಕ್ಕದಲ್ಲೇ ಹಾದುಹೋಗುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ನಮಸ್ಕಾರವನ್ನೂ ಮಾಡಿದೆ. ಟೀ ಅಂಗಡಿ ದಾಟಿತು, ಮೆಡಿಕಲ್ ಶಾಪ್ ದಾಟಿತು. ಕೊನೆಗೆ ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಜಲ್ಲಿ ರಾಶಿಗೆ ಮುಂದಿನ ಚಕ್ರ ಹತ್ತಿಸಿ ನಿಲ್ಲಿಸಿದೆ. ಅಷ್ಟರಲ್ಲಿ ಅವರು ಬೈಕಿನಲ್ಲಿ ಬಂದರು. ಮುಖ ಕೆಂಡವಾಗಿತ್ತು.

"ಏನ್ರೀ, ನಾನು ಕೈ ತೋರ್ಸಿದ್ದೆಲ್ಲಿ, ನೀವು ನಿಲ್ಸಿದ್ದೆಲ್ಲಿ?"

"ನಿಲ್ಸೋಕೆ ಶುರು ಮಾಡಿದ್ದು ನೀವು ಕೈ ತೋರ್ಸಿದ ಜಾಗದಲ್ಲೇ ಸಾರ್," ಎಂದೆ.

ದಂಡ ಹಾಕಿದರು, ಬುದ್ಧಿಯನ್ನೂ ಹೇಳಿದರು. ಎರಡನ್ನೂ ತೆಗೆದುಕೊಂಡೆ. ಆಮೇಲಿಂದ ಸರ್ಕಲ್ಲಿನಲ್ಲಿ ನನ್ನ ಗಾಡಿ ದೂರದಲ್ಲಿ ಕಂಡರೆ ಸಾಕು, ಅವರು ಮಿಕ್ಕ ಮೂರು ಕಡೆಯ ವಾಹನಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಅತ್ತೆಮನೆಯ ಸ್ವಾಗತ

ನನ್ನ ಅತ್ತೆಮನೆ ತರೀಕೆರೆ. ಮನೆ ಇರುವುದು ಒಂದು ಇಳಿಜಾರಿನ ಓಣಿಯ ನಡುವೆ. ಇಳಿಜಾರು ಮುಗಿಯುವ ಜಾಗದಲ್ಲಿ ಚರಂಡಿ. ಮದುವೆಯಾದ ಹೊಸತರಲ್ಲಿ ಒಂದು ಸಲ ನಾನು ಮನೆ ದಾಟಿ ಚರಂಡಿಯ ತನಕ ಹೋಗಿ, ಅಲ್ಲಿಂದ ನಡೆದುಕೊಂಡು ವಾಪಸ್ ಬಂದಿದ್ದೆ. ಹೊಸ ಅಳಿಯ ಚರಂಡಿ ಕಡೆಯಿಂದ ಬಂದದ್ದು ಅವರಿಗೂ ಅವಮಾನ.

ಆಮೇಲೆ ಅವರೇ ಒಂದು ಏರ್ಪಾಡು ಮಾಡಿಕೊಂಡರು. ಓಣಿಯ ತುದಿಯಲ್ಲಿ ನನ್ನ ಹಾರನ್ ಕೇಳಿದ ಕೂಡಲೇ ಇಡೀ ಮನೆ ಹೊರಗೆ ಬರುತ್ತಿತ್ತು. ಮಾವನ ಕೈಯಲ್ಲಿ ಒಂದು ಕಲ್ಲು, ಬಾಮೈದನ ಕೈಯಲ್ಲಿ ಒಂದು, ಅತ್ತೆಯ ಕೈಯಲ್ಲಿ ಒಂದು. ಎದುರು ಮನೆಯ ಮೇಷ್ಟ್ರು ಕೂಡ ಒಂದು ಕಲ್ಲು ಹಿಡಿದು ನಿಲ್ಲುತ್ತಿದ್ದರು. ನಾನು ಗಾಡಿ ನಿಧಾನ ಮಾಡುವುದು, ನಾಲ್ಕು ಜನ ನಾಲ್ಕು ಚಕ್ರಕ್ಕೆ ಕಲ್ಲು ಕೊಡುವುದು. ಆಮೇಲೆ ಕೈ ಒರೆಸಿಕೊಂಡು, "ಬನ್ನಿ ಅಳಿಯಂದ್ರೇ, ಬನ್ನಿ, ಕಾಲು ತೊಳ್ಕೊಳಿ," ಎನ್ನುವುದು.

ಒಂದು ದಿನ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸು ಇದನ್ನೆಲ್ಲ ನೋಡಿ ಹೆದರಿ ನನ್ನ ಅತ್ತೆಯನ್ನು ಪಕ್ಕಕ್ಕೆ ಕರೆದು ಕೇಳಿದಳಂತೆ: "ಅಮ್ಮಾ, ಅಳಿಯ ಅಷ್ಟೊಂದು ಕೆಟ್ಟೋರಾ?"

ಬಸ್ಸಿನವರ ಪಂಚಾಯ್ತಿ

ಹೆಬ್ಬೆ ಜಲಪಾತ ನೋಡಲು ಬಂದವರ ಒಂದು ಗುಂಪಿಗೆ ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ ಶಾಮಿಯಾನ ಹಾಕಿಕೊಟ್ಟು, ಮಾರನೆಯ ದಿನ ಬಿಚ್ಚಿಕೊಂಡು ಇಳಿಯುತ್ತಿದ್ದೆವು. ಅಲ್ಲಿಂದ ಸೀದಾ ಒಂದು ಮದುವೆಗೆ ಹೋಗಬೇಕಿದ್ದರಿಂದ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಒಂದು ತಿರುವಿನಲ್ಲಿ ನೀರು ಕುಡಿಯೋಣವೆಂದು ಗಾಡಿ ನಿಧಾನ ಮಾಡಿದೆ. ಅವಳು ಎಂದಿನಂತೆ ಇಳಿದು ಕಲ್ಲು ಕೊಟ್ಟಳು. ಗಾಡಿ ಆ ಕಲ್ಲನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಯಿತು. ಅವಳು ಕಲ್ಲು ಎತ್ತಿಕೊಂಡು ಓಡಿಬಂದು ಮತ್ತೆ ಕೊಡಲು ನೋಡಿದಳು. ಗಾಡಿ ಮತ್ತೆ ಮುಂದೆ. ಫಸ್ಟ್ ಗೇರಿನಲ್ಲಿ ನಾನು, ನೆರಿಗೆ ಎತ್ತಿ ಹಿಡಿದು ಕಲ್ಲಿನ ಜೊತೆ ಅವಳು.

"ರೀ, ನಿಲ್ಸ್ರೀ! ನಿಲ್ಲಿ ಅಂದೆ!" ಎಂದು ಅವಳು ಕೂಗುತ್ತಿರುವಾಗಲೇ ಎದುರಿನಿಂದ ಒಂದು ಬಸ್ಸು ಬಂತು.

ಬಸ್ಸಿನವರಿಗೆ ಕಂಡದ್ದು ಇಷ್ಟೇ. ರೇಷ್ಮೆ ಸೀರೆಯ ಹೆಂಗಸು ಕಲ್ಲು ಎತ್ತಿಕೊಂಡು ಗಂಡನನ್ನು ಅಟ್ಟಿಸಿಕೊಂಡು ಬರುತ್ತಿದ್ದಾಳೆ. ಬಸ್ಸು ನಿಂತಿತು, ಅರ್ಧ ಬಸ್ಸು ಇಳಿಯಿತು. ನಾನು ಗಾಡಿಯನ್ನು ರಸ್ತೆ ಪಕ್ಕದ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸುವಷ್ಟರಲ್ಲಿ ಒಬ್ಬ ಅಜ್ಜಿ ನನ್ನ ಹೆಂಡತಿಯ ರಟ್ಟೆ ಹಿಡಿದುಕೊಂಡಿದ್ದಳು.

"ಬ್ಯಾಡ ಕಣವ್ವಾ, ಕಲ್ಲು ಕೆಳಗಾಕು. ಏನೇ ಮಾಡಿದ್ರೂ ತಾಳಿ ಕಟ್ಟಿದೋನು."

"ಅಜ್ಜಿ, ಕಲ್ಲು ಅವ್ರಿಗಲ್ಲ, ಗಾಡಿಗೆ!"

"ಗಾಡಿ ಏನ್ ಮಾಡ್ತವ್ವಾ, ಪಾಪ? ಓಡ್ಸೋನು ಸರಿಯಿರ್ಬೇಕು."

ಕಂಡಕ್ಟರ್ ನನ್ನ ಕಡೆ ಬಂದು, ಇನ್ನು ಮೇಲೆ ಕುಡಿಯುವುದಿಲ್ಲ ಎಂದು ನನ್ನಿಂದ ಪ್ರಮಾಣ ಮಾಡಿಸಿದ. ನನ್ನ ಕೈಯಲ್ಲಿದ್ದದ್ದು ನೀರಿನ ಬಾಟಲಿ. ಬಸ್ಸಿಗೆ ತಡವಾಗುತ್ತಿತ್ತು, ವಾದ ಮಾಡದೆ ಮಾಡಿಬಿಟ್ಟೆ.

ಅವತ್ತು ಮನೆಗೆ ಬಂದವಳೇ ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಈ ಗಾಡಿ ತಾನಾಗೇ ನಿಲ್ಲೋವರ್ಗೂ ನಾನು ಹತ್ತಲ್ಲ."

ಹತ್ತಲೂ ಇಲ್ಲ. ಎಲ್ಲಿಗೇ ಹೋದರೂ ಅವಳು ಬಸ್ಸಿನಲ್ಲಿ, ನಾನು ಹಿಂದೆ ಪಿಕಪ್ಪಿನಲ್ಲಿ. ಸಿಗ್ನಲ್ ಕೊಡಿ, ಹಂಪ್ ಇದೆ, ಎಮ್ಮೆ ಬಂತು ಎಂದು ದಾರಿಯುದ್ದಕ್ಕೂ ತಲೆ ತಿನ್ನುತ್ತಿದ್ದವಳು ಪಕ್ಕದಲ್ಲಿ ಇಲ್ಲದೆ ಗಾಡಿ ಭಣಭಣ ಎನ್ನುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ತುಂಬಾ ಬೇಜಾರಾಯಿತು. ಆಮೇಲೇ ನಾನು ಡಿಸ್ಕ್ ಬ್ರೇಕ್ ಹಾಕಿಸಲು ಕಡೂರಿಗೆ ಹೋದದ್ದು.

ಹಿಡ್ಕೊಳ್ಳಿ

ಕಡೂರಿನ ನಮ್ಮ ಗ್ಯಾರೇಜ್ ಮೇಸ್ತ್ರಿ ಸಾಹೇಬರದು ಬಾಯಿ ಜೋರು. ಕೆಲಸವೂ ಗಟ್ಟಿಯೇ ಅನ್ನಿ. ಆದರೆ ಡ್ರಮ್ ಬ್ರೇಕ್ ರಿಪೇರಿ ಮಾಡಿದಾಗಲೆಲ್ಲ, "ಈಗ ನೋಡಿ ಅಣ್ಣಾ, ಮುಟ್ಟಿದ್ರೆ ನಿಲ್ತದೆ," ಎನ್ನುವುದು, ನಾನು ಟ್ರಯಲ್ ನೋಡಲು ಹೊರಟ ಕೂಡಲೇ ಹೋಗಿ ಹುಣಸೆಮರದ ಹಿಂದೆ ನಿಂತುಕೊಳ್ಳುವುದು ಅವರ ರೂಢಿ.

ಡಿಸ್ಕ್ ಬ್ರೇಕ್ ಅಂದರೇನು ಎಂದು ಕೇಳಿದೆ. "ಡ್ರಮ್ ಅಂದ್ರೆ ಚಕ್ರನ ಒಳಗಿಂದ ಒದ್ದು ನಿಲ್ಸೋದು ಅಣ್ಣಾ. ಡಿಸ್ಕ್ ಅಂದ್ರೆ ಎರಡೂ ಕಡೆಯಿಂದ ಕಿವಿ ಹಿಂಡಿ ನಿಲ್ಸೋದು," ಎಂದರು. ಮದುವೆಯಾದ ಗಂಡಸಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಅರ್ಥ ಮಾಡಿಸಲಾರರು.

ಹೊಸ ಮಾಡೆಲ್ ಗಾಡಿಯೊಂದರ ಸಾಮಾನನ್ನು ಶಿವಮೊಗ್ಗದ ಗುಜರಿಯಿಂದ ತಂದು ಮುಂದಿನ ಎರಡು ಚಕ್ರಕ್ಕೆ ಕೂರಿಸಿದರು. ಎಲ್ಲ ಕೂರಿಸಿ ಮುಗಿದ ಮೇಲೆ ನೋಡಿದರೆ ಆ ಕಿವಿ ಹಿಂಡುವ ಕ್ಯಾಲಿಪರ್ ತಗಲಿ ಹಳೇ ಚಕ್ರ ಒಳಗೆ ಹೋಗುತ್ತಿಲ್ಲ. ಮತ್ತೆ ಶಿವಮೊಗ್ಗ, ಮತ್ತೆ ಗುಜರಿ, ದೊಡ್ಡ ಚಕ್ರ. ಈಗ ಗಾಡಿಯ ಮೂಗು ಸ್ವಲ್ಪ ಮೇಲಕ್ಕಿತ್ತು. "ಗತ್ತು ಬಂತು ನೋಡಿ," ಎಂದರು ಮೇಸ್ತ್ರಿ.

ಕೊನೆಗೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಟ್ ಸಡಿಲಿಸಿ ಗಾಳಿ ಬಿಡಬೇಕು. ನಾನು ಸೀಟಿನಲ್ಲಿ, ಅವರು ಗಾಡಿಯ ಕೆಳಗೆ.

"ಒತ್ತಿ. ಬಿಡಿ. ಒತ್ತಿ. ಬಿಡಿ. ಒತ್ತಿ... ಹಾಂ, ಹಿಡ್ಕೊಳ್ಳಿ!"

ಹಿಡಿದುಕೊಂಡೆ. ಆಮೇಲೆ ಸದ್ದಿಲ್ಲ. ಬಿಟ್ಟರೆ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ ಎಂದು ಮೊದಲೇ ಹೆದರಿಸಿದ್ದರು. ಮೀನಖಂಡ ಹಿಡಿದುಕೊಂಡಿತು, ಸೊಂಟ ಹಿಡಿದುಕೊಂಡಿತು. ದಾರಿಯಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ಕಿಟಕಿಗೆ ಆತುಕೊಂಡು ತಮ್ಮ ಮಗಳ ಮದುವೆಗೆ ಶಾಮಿಯಾನ ಮಾತಾಡಿ ಮುಗಿಸಿ ಹೋದರು. ಆಗಲೂ ನನ್ನ ಕಾಲು ಪೆಡಲಿನ ಮೇಲೇ.

ಎಷ್ಟೋ ಹೊತ್ತಿನ ಮೇಲೆ ಮೇಸ್ತ್ರಿ ಬಾಯಿ ಒರೆಸಿಕೊಳ್ಳುತ್ತ ರಸ್ತೆಯ ಆಚೆ ಕಡೆಯಿಂದ ಬಂದರು. "ಅರೆ, ಇನ್ನೂ ಇಲ್ಲೇ ಕೂತಿದ್ದೀರಾ? ನೀವೂ ಊಟಕ್ಕೆ ಹೋಗಿದ್ದೀರ ಅಂದ್ಕೊಂಡಿದ್ದೆ!"

ಊರಿಗೆ ಹೇಳಬೇಕಿತ್ತು

ಡಿಸ್ಕ್ ಬ್ರೇಕ್ ಹಾಕಿಸಿಕೊಂಡು ಅಜ್ಜಂಪುರದ ಪೇಟೆಗೆ ಬಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಸು ಅಡ್ಡ ಬಂತು. ಅಭ್ಯಾಸ ಬಲದಿಂದ ಪೂರ್ತಿ ಬಲ ಹಾಕಿ ತುಳಿದೆ. ಗಾಡಿ ಗಕ್ಕನೆ ನಿಂತಿತು. ಡ್ಯಾಶ್ ಬೋರ್ಡಿನ ಗಣಪತಿ ನನ್ನ ತೊಡೆಗೆ ಬಂತು. ಹಿಂದಿನಿಂದ ಧಡ್ ಎಂದು ಸದ್ದು.

ಇಳಿದು ನೋಡಿದರೆ ಹಾಲಿನವನು ಬೈಕನ್ನು ನನ್ನ ಹಿಂಬಾಗಿಲಿಗೆ ಗುದ್ದಿಸಿದ್ದ. ಅವನಿಗೇನೂ ಆಗಿರಲಿಲ್ಲ. ರಸ್ತೆಯ ತುಂಬ ಹಾಲು. ಹಸು ಮಾತ್ರ ಬಹಳ ಸಂತೋಷದಿಂದ ವಾಪಸ್ ಬಂತು.

"ಏನಯ್ಯಾ, ಮುಂದಿನ ಗಾಡಿ ನಿಂತಿದ್ದು ಕಾಣಲ್ವಾ?" ಎಂದು ನಾನು ಗದರಿಸಿದೆ.

"ಕಾಣ್ತು ಕಣಣ್ಣಾ. ನಂಬಿಕೆ ಬರ್ಲಿಲ್ಲ," ಎಂದ. "ಇಷ್ಟು ವರ್ಷ ನಿಲ್ದೇ ಇದ್ದೋರು ಏಕಾಏಕಿ ನಿಂತ್ಬಿಟ್ರೆ ಹೆಂಗೆ? ಮುಂಚೆ ಊರಿಗೆ ಒಂದು ಮಾತು ಹೇಳ್ಬಾರ್ದಾ?"

ಸೇರಿದ ಜನರೆಲ್ಲ ಅವನು ಹೇಳಿದ್ದು ನ್ಯಾಯ ಎಂದರು. ಹಾಲಿನ ನಷ್ಟ ನಾನೇ ಕಟ್ಟಿಕೊಟ್ಟೆ.

ಗೃಹಪ್ರವೇಶ

ಬಾಮೈದ ತರೀಕೆರೆಯಲ್ಲಿ, ಅದೇ ಓಣಿಯಲ್ಲಿ, ಹಳೇ ಮನೆಯ ಪಕ್ಕಕ್ಕೇ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಹಿಂದಿನ ದಿನ ಶಾಮಿಯಾನ, ಪಾತ್ರೆ ಎಲ್ಲ ನಮ್ಮದೇ ಹೋಗಬೇಕು.

"ಈಗಲಾದ್ರೂ ಹತ್ತುತೀಯೇನೇ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಗಾಡಿಯ ಮೂಗು ನೋಡಿದಳು. "ಒಂದ್ಸಲ ಹತ್ತುತೀನಿ. ನಮ್ಮ ತೌರುಮನೆ ಬಾಗ್ಲಲ್ಲಿ ಕಲ್ಲಿಲ್ದೆ ನಿಲ್ಸಿ ತೋರ್ಸಿ. ನಿಂತ್ರೆ ಸರಿ. ಇಲ್ದಿದ್ರೆ ವಾಪಸ್ ಬಸ್ಸಲ್ಲಿ ಬರ್ತೀನಿ, ಇನ್ನು ಜನ್ಮದಲ್ಲಿ ಇದನ್ನ ಹತ್ತಲ್ಲ."

ಮಡಿಲಲ್ಲಿ ಒಂದು ಚೀಲ ಇಟ್ಟುಕೊಂಡು ಕೂತಳು. ತಮ್ಮನಿಗೆ ಉಡುಗೊರೆ ಇರಬೇಕು ಎಂದುಕೊಂಡೆ. ದಾರಿಯುದ್ದಕ್ಕೂ ಹಂಪ್ ಇದೆ, ಎಮ್ಮೆ ಬಂತು. ಕಿವಿಗೆ ಹಬ್ಬ.

ಓಣಿಯ ತುದಿಯಲ್ಲಿ ಹಾರನ್ ಹೊಡೆದೆ. ಇಳಿಜಾರಿನಲ್ಲಿ ಬಂದು ಬಾಗಿಲಿನ ಮುಂದೆ ಪೆಡಲ್ ಮುಟ್ಟಿದೆ, ಅಷ್ಟೇ. ರಂಗೋಲಿಗೆ ಗೇಣು ದೂರದಲ್ಲಿ ಗಾಡಿ ನಿಂತಿತು. ಎಂಜಿನ್ ಆರಿಸಿ, ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದೆ. ಟವೆಲ್ ಕೂಡ ಅಲ್ಲಾಡಲಿಲ್ಲ. ಹೆಂಡತಿ ನನ್ನ ಮುಖ ನೋಡಿ ನಕ್ಕಳು. ನಾನು ಎದೆ ಉಬ್ಬಿಸಿಕೊಂಡು ಇಳಿದು, ಯಾರ ಕಡೆಯೂ ನೋಡದೆ, ಒಳಗೆ ಹೋಗಿ ಕಾಫಿ ಕುಡಿದೆ. ಆಳುಗಳು ಸಾಮಾನು ಇಳಿಸಿದರು.

ಆಮೇಲೆ ಗ್ಯಾಸ್ ಸಿಲಿಂಡರ್ ತರಲು ಹೊರಟೆ. ಹೆಂಡತಿ ತಾನೂ ಬರುತ್ತೇನೆಂದು ಖುಷಿಯಿಂದ ಹತ್ತಿದಳು. ಗಾಡಿ ಸ್ಟಾರ್ಟ್ ಆಯಿತು, ಹ್ಯಾಂಡ್ ಬ್ರೇಕ್ ಇಳಿಸಿದೆ, ಕದಲಲಿಲ್ಲ. ಆಕ್ಸಿಲರೇಟರ್ ಕೊಟ್ಟೆ. ಹೊಗೆ ಬಂತು, ಗಾಡಿ ಹೊರಡಲಿಲ್ಲ. ರಿವರ್ಸ್ ಹಾಕಿದೆ. ಊಹೂಂ. ಹೆಂಡತಿಯ ಮುಖ ಸಣ್ಣಗಾಯಿತು.

"ಮೊದ್ಲು ನಿಲ್ತಿರ್ಲಿಲ್ಲ, ಈಗ ಹೋಗ್ತಿಲ್ಲ. ನಾನು ಬಸ್ಸಲ್ಲೇ ಹೋಗ್ತೀನಿ ಬಿಡಿ," ಎಂದು ಇಳಿದುಬಿಟ್ಟಳು.

ಗಾಬರಿಯಿಂದ ಮೇಸ್ತ್ರಿಗೆ ಫೋನ್ ಮಾಡಿದೆ. "ಕ್ಯಾಲಿಪರ್ ಜಾಮ್ ಆಗಿರ್ಬೇಕು. ನಾನು ಬರೋವರ್ಗೂ ಸೀಟು ಬಿಟ್ಟು ಏಳ್ಬೇಡಿ. ಒತ್ತಿ ಬಿಡಿ, ಒತ್ತಿ ಬಿಡಿ, ಮಾಡ್ತಾ ಇರಿ," ಎಂದರು. ಕಡೂರಿನಿಂದ ಅವರು ಬೈಕಿನಲ್ಲಿ ಬರುವವರೆಗೂ ನಾನು ಒತ್ತಿದೆ, ಬಿಟ್ಟೆ. ಮಾವ, ಬಾಮೈದ, ಮೇಷ್ಟ್ರು ಸೇರಿ ಹಿಂದಿನಿಂದ ತಳ್ಳಿದರು. ಅಡುಗೆಯವರೂ ಬಂದು ತಳ್ಳಿದರು. ಗಾಡಿ ಬಂಡೆಯ ಹಾಗೆ ಕೂತಿತ್ತು.

ಮೇಸ್ತ್ರಿ ಬಂದರು. ಬಗ್ಗಿ ಒಂದು ಸುತ್ತು ಬಂದರು. ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಚಕ್ರಗಳ ಹಿಂದೆ ಮುಂದೆ ಸಿಕ್ಕಿಸಿದ್ದನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟರು. ಹೊಸ ಮನೆಯ ಸಿಮೆಂಟ್ ಇಟ್ಟಿಗೆ, ಬಾಮೈದನದು. ಚಪ್ಪಡಿ ತುಂಡು, ಮಾವನದು. ರುಬ್ಬುವ ಗುಂಡು, ಅತ್ತೆಯದು. ಮೈಲಿಗಲ್ಲಿನ ಚೂರು, ಮೇಷ್ಟ್ರದು. ಹಾರನ್ ಕೇಳಿದ ಕೂಡಲೇ ಎಲ್ಲರೂ ಎಂದಿನಂತೆ ಬಂದಿದ್ದಾರೆ, ಗಾಡಿ ನಿಂತಿದ್ದರೂ ಕೈಯ ಅಭ್ಯಾಸಕ್ಕೆ ಕೊಟ್ಟು, ಕೊಟ್ಟದ್ದನ್ನೇ ಮರೆತು ಹೋಗಿದ್ದಾರೆ. ನಮ್ಮ ಗಾಡಿಯ ಚಕ್ರಕ್ಕೆ ಕಲ್ಲು ಇರುವುದು ಆ ಓಣಿಯಲ್ಲಿ ಯಾರ ಕಣ್ಣಿಗೂ ವಿಶೇಷವಾಗಿ ಕಾಣಲಿಲ್ಲ.

"ನೀನೂ ಇಟ್ಯಾ? ನಾನೊಬ್ನೇ ಇಟ್ಟಿದ್ದು ಅಂದ್ಕೊಂಡಿದ್ದೆ," ಎಂದರು ಮಾವ, ಅತ್ತೆಯ ಕಡೆ ತಿರುಗಿ.

"ಇನ್ನೊಂದಿದೆ," ಎನ್ನುತ್ತ ಮೇಸ್ತ್ರಿ ಮುಂದಿನ ಎಡಚಕ್ರದ ಕೆಳಗೆ ಕೈ ಹಾಕಿ ಐದನೆಯದನ್ನು ಎಳೆದರು. ಅದನ್ನು ಹಳದಿ ಟವೆಲಿನಲ್ಲಿ ನೀಟಾಗಿ ಸುತ್ತಲಾಗಿತ್ತು.

ಮಾವ ಬಗ್ಗಿ ನೋಡಿ, "ಇದು ನಮ್ಮನೇದಲ್ಲ," ಎಂದರು.

ನಮ್ಮದೇ. ಡಿಸ್ಕ್ ಬಂದ ದಿನ ನಾನು ಅಂಗಡಿಯ ಹಿತ್ತಲಿಗೆ ಎಸೆದಿದ್ದ ಕಲ್ಲು. ಹೆಂಡತಿಯ ಕಡೆ ನೋಡಿದೆ. ಅವಳ ಚೀಲ ಖಾಲಿಯಾಗಿತ್ತು.

"ಅಲ್ಲ ಕಣೇ, ಗಾಡಿ ಕಲ್ಲಿಲ್ದೆ ನಿಂತಿತ್ತೋ ಇಲ್ವೋ?"

"ನಿಂತಿತ್ತು. ನಿಂತ ಮೇಲೇ ಇಟ್ಟೆ, ಇಟ್ಟಿದ್ದು ಮರ್ತೇಬಿಟ್ಟೆ."

"ಹಂಗಾದ್ರೆ ಬ್ರೇಕ್ ಮೇಲೆ ನಂಬಿಕೆ ಬಂತು ತಾನೆ?"

"ಬಂತು ಕಣ್ರೀ," ಎಂದು ಕಲ್ಲನ್ನು ಎತ್ತಿ, ಧೂಳು ಕೊಡವಿ, ಮತ್ತೆ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋಗಿ ನನ್ನ ಪಕ್ಕದ ಸೀಟಿನಲ್ಲಿ ಕೂತಳು. "ಆದ್ರೆ ಬ್ರೇಕು ಮೊನ್ನೆ ಬಂದಿದ್ದು. ಈ ಕಲ್ಲು ನಮ್ಮ ಮದ್ವೆ ಆದಾಗಿಂದ ನನ್ನ ಜೊತೆ ಇದೆ. ನಿಮಗಿಂತ ಇದು ಜಾಸ್ತಿ ಸಲ ಮಾತು ಕೇಳಿದೆ."