ಕೋಚ್ ದೋಣಿ ದೂರ ನಿಲ್ಲಲಿ

ನನಗೆ ಬಾರದ ಕೆಲಸಗಳ ಬಗ್ಗೆ ನನಗಿರುವಷ್ಟು ಜ್ಞಾನ ಬರುವ ಕೆಲಸಗಳ ಬಗ್ಗೆ ಇಲ್ಲ. ಈಜು ಬಾರದು, ಆದರೆ ಈಜುವವನು ಕೈಯನ್ನು ಎಲ್ಲಿ ತಪ್ಪಾಗಿ ಬೀಸಿದನೆಂದು ದಡದಲ್ಲಿ ನಿಂತೇ ಹೇಳಬಲ್ಲೆ. ಒಂದು ದಿನವೂ ಸಾರು ಮಾಡಿದವನಲ್ಲ, ಆದರೆ ಹಾಲ್‌ನಲ್ಲಿ ಕುಳಿತು ಒಗ್ಗರಣೆಯ ಸದ್ದು ಕೇಳಿಯೇ ಸಾಸಿವೆ ಸಿಡಿಯುವ ಮೊದಲು ಇಂಗು ಬಿತ್ತೆಂದು ತೀರ್ಪು ಕೊಡುತ್ತೇನೆ. ಇದಕ್ಕೆ ನನ್ನ ಉದ್ಯೋಗವೂ ಕಾರಣವಿರಬಹುದು. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಬೋಲ್ಟುಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡಿದರೂ ಯಾರಿಗೂ ಬೇಡ.

ಹಾಯಿದೋಣಿಯ ವಿಷಯದಲ್ಲಿ ನನ್ನ ಪಾಂಡಿತ್ಯ ಇನ್ನೂ ಹಳೆಯದು. ನಾನು ಹಲಸೂರು ಕೆರೆಯ ಪಕ್ಕದಲ್ಲಿ ಬೆಳೆದವನು. ಚಿಕ್ಕಂದಿನಲ್ಲಿ ಕೆರೆಯ ಬೇಲಿಗೆ ಮೂಗು ಒತ್ತಿ ನಿಂತು, ಮಿಲಿಟರಿಯ ಹುಡುಗರು ಬಿಳಿ ಹಾಯಿ ಕಟ್ಟಿಕೊಂಡು ನೀರಿನ ಮೇಲೆ ಓಡಾಡುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಒಮ್ಮೆಯೂ ದೋಣಿಯೊಳಗೆ ಕಾಲಿಟ್ಟಿಲ್ಲ. ನೀರು ಕಂಡರೆ ನನಗೆ ಪ್ರಾಣಭಯ. ಆದರೂ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆ ಇದೆ, ನಮ್ಮ ದೇಶದವರೂ ಹೋಗಿದ್ದಾರೆ ಎಂದು ಕಳೆದ ಸಲ ಪತ್ರಿಕೆಯಲ್ಲಿ ಓದಿದಾಗ, ಇದನ್ನು ನಾವಿರುವ ಜೋಗುಪಾಳ್ಯದ ಜನಕ್ಕೆ ಬಿಡಿಸಿ ಹೇಳುವ ಜವಾಬ್ದಾರಿ ನನ್ನದೇ ಎಂದು ನನಗನ್ನಿಸಿಬಿಟ್ಟಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೊಂದು ತಾಪತ್ರಯ ನಡೆದಿತ್ತು. ನನ್ನ ಹೆಂಡತಿ ಗಿರಿಜಾ ಇಂದಿರಾನಗರದ ಶಾಲೆಯೊಂದರಲ್ಲಿ ಕನ್ನಡ ಮೇಡಂ. ಅವರ ಶಾಲೆಯವರು ಕೆ.ಆರ್. ಪುರಂ ಆಚೆ, ಬಸ್ಸೂ ಸರಿಯಾಗಿ ಹೋಗದ ಒಂದು ಹೊಸ ಬಡಾವಣೆಯಲ್ಲಿ ಶಾಖೆ ತೆರೆಯುವವರಿದ್ದರು. ಅದಕ್ಕೆ ಮುಖ್ಯೋಪಾಧ್ಯಾಯಿನಿ ಆಗುತ್ತೀರಾ ಎಂದು ಇವಳನ್ನು ಕೇಳಿದ್ದರು. ಇಷ್ಟು ವರ್ಷ ಕಾದ ಕುರ್ಚಿ. ಗಣೇಶನ ಹಬ್ಬದೊಳಗೆ ಒಪ್ಪಿಗೆ ಹೇಳಬೇಕು. ಮನೆ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಹೊದಿಕೆ ಹೊದ್ದು ಮಲಗಿತ್ತು. ನಾನು ಬೆಳಗ್ಗೆ ಬೇಗ ಕಾರ್ಖಾನೆಯ ಬಸ್ಸು ಹತ್ತುವವನಾದ್ದರಿಂದ ಅದಕ್ಕೆ ಆಯುಧಪೂಜೆಯ ದಿನ ಬಿಟ್ಟರೆ ಹೆಚ್ಚು ಕೆಲಸವಿರಲಿಲ್ಲ. ಇವಳು ಕಾರು ಕಲಿತು ಲೈಸೆನ್ಸ್ ಪಡೆದರೆ ಎಲ್ಲವೂ ಸರಿಹೋಗುತ್ತಿತ್ತು. ಕಲಿತದ್ದೂ ಆಗಿತ್ತು. ಲೈಸೆನ್ಸ್ ಮಾತ್ರ ಸಿಗಲಿಲ್ಲ. ಮೊದಲನೆಯ ಟೆಸ್ಟಿನಲ್ಲಿ ದಿಬ್ಬದ ಮೇಲೆ ಇಂಜಿನ್ ಆಫ್ ಆಯಿತು. ಎರಡನೆಯದರಲ್ಲಿ ರಿವರ್ಸ್ ತೆಗೆಯುವಾಗ ಗೆರೆ ದಾಟಿತು. ಮೂರನೆಯದರಲ್ಲಿ ಎಂಟು ಹಾಕುತ್ತಾ ಹೋಗಿ ನೆಟ್ಟಿದ್ದ ಕಂಬವನ್ನೇ ಬೀಳಿಸಿದಳು.

ಮೂರನೆಯದಕ್ಕೆ ಕಾರಣ ನಾನು ಎಂಬುದು ಗಿರಿಜಾಳ ವಾದ. ಮೈದಾನದ ಬೇಲಿಯ ಹೊರಗೆ ನಿಂತು ನಾನು ಕೈಸನ್ನೆ ಮಾಡುತ್ತಿದ್ದೆನಂತೆ, ಅದನ್ನು ನೋಡಿ ಅವಳು ಸ್ಟಿಯರಿಂಗ್ ತಿರುಗಿಸಿದಳಂತೆ. ನಾನು ಕೈಸನ್ನೆ ಮಾಡಿದ್ದು ನಿಜ. ಆದರೆ ನನ್ನ ಸನ್ನೆ ನಾನು ನಿಂತ ಕಡೆಯಿಂದ ನೋಡಿದರೆ ಪೂರ್ತಿ ಸರಿಯಾಗಿತ್ತು. ಎದುರಿನಿಂದ ಬರುವವರಿಗೆ ಎಡ ಬಲವಾಗುತ್ತದೆ ಎಂಬುದಕ್ಕೆ ನಾನೇನು ಮಾಡಲಿ? ಅಂದು ಮನೆಗೆ ಬಂದವಳು ಕಾರಿನ ಕೀಲಿಯನ್ನು ದೇವರ ಮನೆಯ ಮೊಳೆಗೆ ನೇತುಹಾಕಿ, "ಆಗಲ್ಲ ಅಂತ ಶಾಲೇಲಿ ಹೇಳ್ಬಿಡ್ತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಉಪದೇಶ ಮಾಡುತ್ತಿದ್ದೆ. ಆದರೆ ಅವಳು ಸುಮ್ಮನೆ ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಹೀಗಿರುವಾಗ ನಾನು ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡೆ. ಡಾಕ್ಟರು ಒಂದು ವಾರ ಓಡಾಡಬೇಡಿ ಎಂದರು. ಒಲಿಂಪಿಕ್ಸ್ ನೋಡಲು ಇದಕ್ಕಿಂತ ಒಳ್ಳೆಯ ಕಾಯಿಲೆ ಬೇಕೆ? ನನಗೆ ಜೊತೆಯಾದವರು ಮಹಡಿಯ ಮೇಲಿನ ಸಲೀಂ ಭಾಯ್. ಶಿವಾಜಿನಗರದಲ್ಲಿ ಅವರದೊಂದು ಬಟ್ಟೆ ಅಂಗಡಿ. ಮಧ್ಯಾಹ್ನದ ಮೇಲೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ನನ್ನ ಕಾಲು ವಿಚಾರಿಸುವ ನೆಪದಲ್ಲಿ ಬಂದು ಟೀವಿ ಮುಂದೆ ಕೂರುತ್ತಿದ್ದರು.

ಮೊದಲ ದಿನ ನಾವು ನೋಡಿದ್ದು ನೀಲಿ ಸಮುದ್ರದ ಮೇಲೆ ಸುಮ್ಮನೆ ನಿಂತ ದೋಣಿಗಳನ್ನು. ಗಾಳಿ ಇಲ್ಲವೆಂದು ರೇಸನ್ನು ಮುಂದಕ್ಕೆ ಹಾಕಿದ್ದರು. ಲೋಕದ ಮಹಾಮಹಾ ಆಟಗಾರರೆಲ್ಲ ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ನೀರು ಕುಡಿಯುತ್ತಾ, ಆಕಾಶ ನೋಡುತ್ತಾ ಕುಳಿತಿದ್ದರು. ನಾನು ಗಾಳಿಯ ಮಹತ್ವವನ್ನು ಕುರಿತು ಭಾಷಣ ಮಾಡಿದೆ. ಸಲೀಂ ಭಾಯ್ ಒಂದಷ್ಟು ಹೊತ್ತು ತಾಳಿಕೊಂಡು, "ಅಲ್ಲಾ ಸಾರ್, ಇವ್ರು ರೇಸ್‌ಗೆ ಬಂದಿರೋದಾ, ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ಬಸ್ ಕಾಯ್ತಿರೋದಾ?" ಎಂದು ಕೇಳಿದರು. ಆದರೂ ಮರುದಿನ ಬಂದರು. ಕಾಯುವ ಆಟದಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ.

ಮರುದಿನ ಗಾಳಿ ಬೀಸಿತು. ದೋಣಿಗಳು ಓಡಿದವು. ಯಾವ ದೋಣಿ ಮುಂದಿದೆ, ಯಾವುದು ಹಿಂದಿದೆ ಎಂಬುದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಒಂದು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ ಹೋಗುತ್ತಿತ್ತು, ಎರಡೂ ಒಂದೇ ಕಡೆ ಹೋಗುತ್ತಿವೆ ಎಂದು ವಿವರಣೆಗಾರ ಹೇಳುತ್ತಿದ್ದ. ದಿನಗಳು ಹೀಗೆ ಕಳೆದು, ಹಲವು ರೇಸುಗಳಾದ ಮೇಲೆ ಒಂದು ಸಂಜೆ ಪರದೆಯ ಮೇಲೆ ಅಂಕಗಳ ಪಟ್ಟಿ ಬಂತು. ನಮ್ಮವರ ಹೆಸರಿನ ಮುಂದೆ ನೂರು ದಾಟಿದ ಅಂಕ! ಯುರೋಪಿನ ಯಾರೋ ಒಬ್ಬರ ಮುಂದೆ ಬರೀ ಎರಡಂಕಿ. ನನ್ನ ಮೈ ಜುಮ್ಮೆಂದಿತು. ಉಳುಕಿದ ಕಾಲನ್ನು ಮರೆತು ಎದ್ದು ನಿಂತು, ಪದಕ ಗ್ಯಾರಂಟಿ ಎಂದು ಘೋಷಿಸಿದೆ. ಪಟ್ಟಿಯಲ್ಲಿ ನಮ್ಮವರ ಹೆಸರು ಕೆಳಗಿದೆಯಲ್ಲ ಎಂದು ಸಲೀಂ ಭಾಯ್ ಅನುಮಾನಪಟ್ಟರು. ಪಟ್ಟಿಯನ್ನು ಕೆಳಗಿನಿಂದ ಓದಬೇಕು, ಸಮುದ್ರದ ಆಟಗಳಲ್ಲಿ ಅದೇ ಪದ್ಧತಿ ಎಂದು ನಾನು ಸಮಾಧಾನ ಹೇಳಿದೆ.

ಸಲೀಂ ಭಾಯ್ ಉದಾರಿ. ಕೂಡಲೇ ಹೋಗಿ ಎರಡು ಡಬ್ಬಿ ದೂಧ್ ಪೇಡ ತಂದರು. ನಾನು ಕುಂಟುತ್ತಾ ಗೇಟಿನವರೆಗೆ ಹೋಗಿ ನಿಂತೆ. ಇಸ್ತ್ರಿ ಅಂಗಡಿಯವರು, ಎದುರು ಮನೆಯಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಸಂಸಾರ, ಹಾಲಿನವರು, ದಾರಿಯಲ್ಲಿ ಹೋಗುತ್ತಿದ್ದ ಕೊರಿಯರ್‌ನವನು ಎಲ್ಲರೂ ಪೇಡ ತಿಂದರು. ಎದುರು ಮನೆಯವರು ಮಾತ್ರ, ಹಾಯಿದೋಣಿ ಅಂದ್ರ ಏನ್ರಿ ಅಂತ ಕೇಳಿದರು. ನಾನು ಹೇಳಿಕೊಟ್ಟೆ.

ಗಿರಿಜಾ ಶಾಲೆಯಿಂದ ಬಂದದ್ದು ಆಗ. ಕೈಗೆ ಬಂದ ಪೇಡವನ್ನು ತಿನ್ನದೆ ಒಳಗೆ ಹೋಗಿ ಟೀವಿ ನೋಡಿದಳು, ಇಂಗ್ಲಿಷ್ ವಿವರಣೆಯನ್ನು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಹೊರಗೆ ಬಂದು, ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಹೀಗೆ ಲೆಕ್ಕ, ಕೊನೆಗೆ ಕಡಿಮೆ ಅಂಕ ಇರುವವರೇ ಗೆಲ್ಲುವುದು ಎಂದು ಎಲ್ಲರೆದುರು ತಿಳಿಸಿದಳು. ಅಷ್ಟಕ್ಕೇ ಬಿಡಲಿಲ್ಲ. "ನಿಮ್ಮ ಫ್ಯಾಕ್ಟರೀಲಿ ರಿಜೆಕ್ಟ್ ಆದ ಬೋಲ್ಟು ಜಾಸ್ತಿ ಇರೋ ಮೆಷಿನ್‌ಗೆ ಪ್ರೈಜ್ ಕೊಡ್ತೀರೇನ್ರೀ?" ಎಂದಳು. ತಿಂದ ಪೇಡವನ್ನು ವಾಪಸು ಕೇಳುವ ಹಾಗಿರಲಿಲ್ಲ. ಆಗ ಸಲೀಂ ಭಾಯ್ ಖಾಲಿ ಡಬ್ಬಿಯನ್ನು ಮುಚ್ಚುತ್ತಾ, "ಬಿಡಿ ಸಾರ್. ಅಷ್ಟು ದೂರ ಹೋಗಿ ಅಷ್ಟು ಜನರ ಮಧ್ಯೆ ದೋಣಿ ಬಿಟ್ರಲ್ಲ, ಅದಕ್ಕೇ ತಿಂದ್ವಿ ಅನ್ಕೊಳ್ಳಿ" ಎಂದರು. ನನ್ನ ಮರ್ಯಾದೆ ಉಳಿಸಿದ ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ವಿಚಿತ್ರವೆಂದರೆ, ಅಂದಿನಿಂದ ನನಗೆ ಹಾಯಿದೋಣಿಯ ಮೇಲೆ ಆಸಕ್ತಿ ಹೋಯಿತು, ಗಿರಿಜಾಳಿಗೆ ಬಂತು. ಫೋನಿನಲ್ಲಿ ನಿಯಮಗಳನ್ನು ಹುಡುಕಿ ಓದಿದಳು. ರಾತ್ರಿ ಊಟಕ್ಕೆ ಕುಳಿತಾಗ ಇದ್ದಕ್ಕಿದ್ದಂತೆ, "ಎಲ್ಲಾ ರೇಸ್ ಲೆಕ್ಕಕ್ಕೆ ತಗೊಳ್ಳಲ್ವಂತೆ ರೀ. ಅದರಲ್ಲಿ ಅತಿ ಕೆಟ್ಟದಾಗಿ ಹೋಗಿರೋದನ್ನ ಎತ್ತಿ ಬಿಸಾಕ್ತಾರಂತೆ" ಎಂದಳು. ಎಲ್ಲರಿಗೂ ಹಾಗೆಯೇ, ಚಿನ್ನ ಗೆದ್ದವರಿಗೂ ಸಹ. ಅಷ್ಟು ದೊಡ್ಡ ಆಟಗಾರರಿಗೂ ಒಂದು ಕೆಟ್ಟ ದಿನ ಇದ್ದೇ ಇರುತ್ತದೆ ಎಂದು ನಿಯಮ ಮಾಡಿದವರೇ ಒಪ್ಪಿಕೊಂಡಿದ್ದಾರೆ ಎಂಬುದು ಅವಳಿಗೆ ಬಹಳ ಹಿಡಿಸಿತು. ಅನ್ನ ಕಲಸುವುದನ್ನು ನಿಲ್ಲಿಸಿ ದೇವರ ಮನೆಯ ಮೊಳೆಯ ಕಡೆ ನೋಡಿದಳು. ನಾನು ಏನೋ ಹೇಳಲು ಬಾಯಿ ತೆರೆದು, ಪುಣ್ಯಕ್ಕೆ, ಹಪ್ಪಳ ತಿಂದೆ.

ಕಂಬ ಬೀಳಿಸಿದ ಟೆಸ್ಟನ್ನು ಅವಳು ಅಂದೇ ಎತ್ತಿ ಬಿಸಾಕಿದಳು. ನಾಲ್ಕನೆಯದಕ್ಕೆ ದಿನ ಗೊತ್ತುಮಾಡಿಕೊಂಡಳು. ಜೊತೆಗೆ ಇನ್ನೆರಡು ನಿಯಮಗಳನ್ನು ಮನೆಗೆ ತಂದಳು. ಒಂದು, ರೇಸು ನಡೆಯುವಾಗ ಹೊರಗಿನವರು ಸಹಾಯ ಮಾಡುವ ಹಾಗಿಲ್ಲ, ಕೋಚಿನ ದೋಣಿ ದೂರ ನಿಲ್ಲಬೇಕು. ಇದನ್ನು ಹೇಳುವಾಗ ಯಾರನ್ನು ನೋಡಿದಳೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು, ಯಾರಾದರೂ ಇನ್ನೊಬ್ಬರ ದಾರಿಗೆ ಅಡ್ಡ ಬಂದರೆ, ತಾವೇ ತಪ್ಪು ಒಪ್ಪಿಕೊಂಡು ದೋಣಿಯನ್ನು ಅಲ್ಲೇ ಎರಡು ಸುತ್ತು ತಿರುಗಿಸಿ ಮುಂದೆ ಹೋಗಬೇಕು. ವಾದವಿಲ್ಲ, ಜಗಳವಿಲ್ಲ. ಪೂಜೆಯ ಕೊನೆಯಲ್ಲಿ ನಿಂತಲ್ಲೇ ತಿರುಗಿ ಆತ್ಮಪ್ರದಕ್ಷಿಣೆ ಹಾಕುವುದಿಲ್ಲವೆ, ಹಾಗೆ. ನಮ್ಮ ಮನೆಯಲ್ಲೂ ಇನ್ನು ಮುಂದೆ ಅದೇ ಎಂದಳು. ಆ ವಾರ ನಾನು ಹಾಲ್‌ನಲ್ಲಿ ತಿರುಗಿದಷ್ಟು ನಮ್ಮ ಫ್ಯಾನೂ ತಿರುಗಲಿಲ್ಲ. ಅಭ್ಯಾಸಕ್ಕೆಂದು ಅವಳ ಪಕ್ಕದಲ್ಲಿ ಕುಳಿತು ಹೋಗುವಾಗ ಕ್ಲಚ್ ಎಂದರೆ ಎರಡು ಸುತ್ತು, ಗೇರ್ ಎಂದರೆ ಎರಡು ಸುತ್ತು. ಉಳುಕು ಬಿಟ್ಟದ್ದು ಔಷಧಿಯಿಂದಲೋ ಇದರಿಂದಲೋ ತಿಳಿಯದು.

ಟೆಸ್ಟಿನ ದಿನ ಕೆ.ಆರ್. ಪುರಂ ಕಡೆಯ ಆ ಮೈದಾನಕ್ಕೆ ನಾವು ಮೂವರೂ ಹೋದೆವು. ಸಲೀಂ ಭಾಯ್ ಬಂದದ್ದು ನನ್ನ ಕೈಗಳನ್ನು ಕಾಯಲು. ರಸ್ತೆಯಾಚೆ ಎಳನೀರಿನ ಗಾಡಿಯ ಹಿಂದೆ ನನ್ನನ್ನು ನಿಲ್ಲಿಸಿ, "ಅಕ್ಕ ಬರೋವರ್ಗೂ ಕೈ ಜೇಬಲ್ಲೇ ಇರ್ಲಿ ಸಾರ್" ಎಂದರು. ಸಾಲು ಉದ್ದವಿತ್ತು. ಕಾದೆವು. ಗಾಳಿಗಾಗಿ ಕಾಯುತ್ತಿದ್ದ ಆ ದೋಣಿಗಳು ನೆನಪಾದವು. ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಒಂದು ಲಾರಿ ಬಂದು ನಮಗೂ ಮೈದಾನಕ್ಕೂ ನಡುವೆ ನಿಂತಿತು. ನನಗೆ ಕಂಡದ್ದು ಲಾರಿಯ ಅಡಿಯಿಂದ ನಮ್ಮ ಕಾರಿನ ಚಕ್ರ ಮಾತ್ರ. ಅದು ಆ ಕಡೆ ಹೋಯಿತು, ಈ ಕಡೆ ಬಂತು, ನಿಂತಿತು. ನಿಂತದ್ದು ಯಾಕೆ? ನನ್ನ ಬಲಗೈ ಜೇಬಿನಿಂದ ಅರ್ಧ ಹೊರಬಂದಿತ್ತು. ಸಲೀಂ ಭಾಯ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಾರಿನ ಚಕ್ರ ಮತ್ತೆ ಉರುಳಿತು, ನಿಧಾನವಾಗಿ ಎಂಟು ಹಾಕಿ ಮುಗಿಸಿತು.

ಗಿರಿಜಾ ಹೊರಗೆ ಬಂದಾಗ ಮುಖ ಗಂಭೀರವಾಗಿತ್ತು. ಎಳನೀರು ಕೇಳಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾಳೆ ಶಾಲೇಲಿ ಹೂಂ ಅಂತ ಹೇಳ್ತೀನಿ" ಎಂದಳು. ಅಷ್ಟೇ. ಸಲೀಂ ಭಾಯ್ ಅಂಗಡಿಯ ಚೀಲದಿಂದ ಪೇಡದ ಡಬ್ಬಿ ತೆಗೆದರು. ಫಲಿತಾಂಶ ಬರುವ ಮೊದಲೇ ಕೊಂಡಿದ್ದರೆಂದು ಆಗ ಗೊತ್ತಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಸಲೀಂ ಭಾಯ್ ಅಲ್ಲಿಂದಲೇ ಅಂಗಡಿಗೆ ಹೊರಟರು. ವಾಪಸು ಬರುವಾಗ ಅವಳೇ ಓಡಿಸಿದಳು. ಟಿನ್ ಫ್ಯಾಕ್ಟರಿಯ ದಟ್ಟಣೆಯನ್ನು ದಾಟಿದಳು, ಹಳೇ ಮದ್ರಾಸ್ ರಸ್ತೆಯನ್ನು ದಾಟಿದಳು. ನಾನು ತುಟಿ ಕಚ್ಚಿ ಕುಳಿತಿದ್ದೆ. ಹಲಸೂರಿನ ಸೋಮೇಶ್ವರನ ಗುಡಿಯ ಹತ್ತಿರ ಒಂದು ಆಟೋ ಸರಕ್ಕನೆ ನುಗ್ಗಿತು. ಅವಳು ಬ್ರೇಕ್ ಹಾಕಿ ಆಗಿತ್ತು. ಆದರೂ ನನ್ನ ಬಾಯಿಂದ "ಬ್ರೇಕ್, ಬ್ರೇಕ್" ಎಂದು ಬಂದೇಬಿಟ್ಟಿತು. ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ನನ್ನ ಕಡೆಯ ಬಾಗಿಲಿನತ್ತ ನೋಡಿದಳು. ನಾನು ಇಳಿದೆ. ಫುಟ್‌ಪಾತಿನ ಮೇಲೆ, ಹಾಡಹಗಲಲ್ಲಿ, ಗುಡಿಯ ಎದುರು ಎರಡು ಸುತ್ತು ತಿರುಗಿದೆ.

ಗೋಪುರದ ಬಳಿ ಹೂ ಮಾರುತ್ತಿದ್ದ ಅಮ್ಮ ಇದನ್ನು ನೋಡಿ ಕೈ ಜೋಡಿಸಿದರು. "ಏನ್ ಭಕ್ತಿ ಸಾಮಿ" ಎಂದು ಒಂದು ಮೊಳ ಮಲ್ಲಿಗೆ ಹರಿದುಕೊಟ್ಟು, ಆಮೇಲೆ ಹುಬ್ಬು ಗಂಟಿಕ್ಕಿ, "ಎರಡಕ್ಕೇ ನಿಲ್ಸಬಾರ್ದು, ಮೂರು ಹಾಕ್ಬೇಕು" ಎಂದರು. ಅವರಿಗೆ ಒಲಿಂಪಿಕ್ಸ್ ನಿಯಮ ವಿವರಿಸುವ ಧೈರ್ಯ ನನಗೆ ಬರಲಿಲ್ಲ. ಮೂರನೆಯದನ್ನೂ ಹಾಕಿದೆ. ಕಾರಿಗೆ ಮರಳಿ, ಮಲ್ಲಿಗೆಯನ್ನು ಗಿರಿಜಾಳಿಗೆ ಕೊಟ್ಟು, ಒಂದು ಸುತ್ತು ಹೆಚ್ಚಾಗಿದೆ, ಅದನ್ನು ಮುಂದಿನ ತಪ್ಪಿಗೆ ಮುಂಗಡ ಎಂದು ಹಿಡಿದುಕೋ ಎಂದೆ. ಅವಳು ಹೂ ಮುಡಿದು, ಮೊದಲ ಬಾರಿಗೆ ನಕ್ಕು, ಗೇರು ಹಾಕಿದಳು.

ಗುಡಿಯಿಂದ ಜೋಗುಪಾಳ್ಯ ಎಷ್ಟು ದೂರ? ಮನೆ ಮುಟ್ಟುವುದರೊಳಗೆ ಆ ಮುಂಗಡ ಖರ್ಚಾಗಿ, ನಾನು ಗೇಟಿನ ಮುಂದೆ ಮತ್ತೆ ತಿರುಗುತ್ತಿದ್ದೆ.